ಕೊಬ್ಬರಿ ಬನ್ನಿನ ಮಿಸೆಸ್ ಲಾಮ್

ಗಿರಾಕಿ ಆರಿಸಿಕೊಂಡ ತಿಂಡಿಯನ್ನು ಅವರ ತಟ್ಟೆಯಿಂದಲೇ ಕಿತ್ತುಕೊಂಡು ವಾಪಸ್ ಇಡುವ ಅಂಗಡಿಯವರನ್ನು ನಾನು ಕಂಡಿದ್ದು ಒಬ್ಬರನ್ನೇ. ಅವರು ಮಿಸೆಸ್ ಲಾಮ್. ಕ್ವೀನ್ಸ್‌ಬರಿಯಲ್ಲಿ, ನಮ್ಮ ಫ್ಲ್ಯಾಟಿನಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಒಂದು ಸೀರೆ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಅವರ ಚೈನೀಸ್ ಬೇಕರಿ ಇತ್ತು. ಕುರ್ಚಿ ಇಲ್ಲ, ಸೋಫಾ ಇಲ್ಲ, ಕಾಫಿ ಯಂತ್ರವೂ ಇಲ್ಲ. ಒಂದು ಟ್ಯೂಬ್‌ಲೈಟು, ಗಾಜಿನ ಕಪಾಟುಗಳು, ಪ್ಲಾಸ್ಟಿಕ್ ತಟ್ಟೆಗಳ ರಾಶಿ, ಇಕ್ಕಳಗಳು. ಬೇಕಾದ್ದನ್ನು ಇಕ್ಕಳದಲ್ಲಿ ತೆಗೆದು ತಟ್ಟೆಗೆ ಹಾಕಿಕೊಂಡು ಗಲ್ಲಾದ ಬಳಿ ಒಯ್ಯಬೇಕು. ಅಲ್ಲಿ ಮಿಸೆಸ್ ಲಾಮ್ ನಿಂತಿರುತ್ತಿದ್ದರು: ಗಿಡ್ಡ ಆಳು, ಕತ್ತಿನ ಮೇಲಕ್ಕೆ ಕತ್ತರಿಸಿದ ಬಿಳಿಗೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಪ್ಲೀಸ್, ಸಾರಿ, ಥ್ಯಾಂಕ್ಯೂ ಇಲ್ಲದೆ ಬಸ್ಸಿನಿಂದ ಇಳಿಯುವುದೂ ಕಷ್ಟವಾದ ಈ ಇಂಗ್ಲಿಷರ ಊರಿನಲ್ಲಿ ಅವರು ಆ ಮೂರರಲ್ಲಿ ಒಂದನ್ನೂ ಆಡಿದ್ದು ನಾನು ಕೇಳಲಿಲ್ಲ. "ನೆಕ್ಸ್ಟ್!" ಎಂದು ಕೂಗುತ್ತಿದ್ದರು, ಅಷ್ಟೇ.

ನಾವು ಬೆಂಗಳೂರಿನಿಂದ ಬಂದ ಮೊದಲ ಚಳಿಗಾಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕತ್ತಲು. ರೇನರ್ಸ್ ಲೇನಿನ ಜಿಪಿ ಸರ್ಜರಿಯ, ಅಂದರೆ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಷನ್ನಿನಲ್ಲಿ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಬಿಸಿ ಬೆಣ್ಣೆ, ಸಕ್ಕರೆಯ ವಾಸನೆ ಬಂತು. ಬಸವನಗುಡಿಯಲ್ಲಿ ಬೆಳೆದವಳಿಗೆ ಆ ವಾಸನೆ ಎಂದರೆ ಅಯ್ಯಂಗಾರ್ ಬೇಕರಿಯೇ. ಕಾಲು ತಾನಾಗಿ ಒಳಕ್ಕೆ ನಡೆಯಿತು. ನೋಡಲು ಚೆನ್ನಾಗಿದ್ದ, ಪದರ ಪದರವಾದ ದುಂಡನೆಯ ತಿಂಡಿಯೊಂದನ್ನು ತಟ್ಟೆಗೆ ಹಾಕಿಕೊಂಡು ಗಲ್ಲಾಕ್ಕೆ ಹೋದೆ. ಮಿಸೆಸ್ ಲಾಮ್ ತಟ್ಟೆ ನೋಡಿದರು, ನನ್ನ ಹಣೆಯ ಬೊಟ್ಟು ನೋಡಿದರು.

"ಯು ವೆಜಿಟೇರಿಯನ್?"

"ಯೆಸ್."

"ದೆನ್ ವೈ ಟೇಕ್? ಪಿಗ್ ಫ್ಯಾಟ್!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನಾಚಿಕೊಂಡು ಬಾಗಿಲ ಕಡೆ ಹೊರಟಿದ್ದೆ. ಅವರು ಗಲ್ಲಾ ಬಿಟ್ಟು ಬಂದು, ಆ ಹಂದಿಕೊಬ್ಬಿನ ತಿಂಡಿಯನ್ನು ಸ್ವಸ್ಥಾನಕ್ಕೆ ಸೇರಿಸಿ, ಉದ್ದನೆಯ ಎರಡು ಬನ್ನುಗಳನ್ನು ನನ್ನ ತಟ್ಟೆಗೆ ಹಾಕಿದರು. "ಬಟರ್. ಕೊಕೊನಟ್. ಎಗ್ ಓಕೆ?" ಕೇಕು, ಬನ್ನಿನಲ್ಲಿ ಮೊಟ್ಟೆ ಇದ್ದರೆ ನಾವು ತಿನ್ನುತ್ತಿದ್ದೆವು. ಓಕೆ ಎಂದೆ. "ನೆಕ್ಸ್ಟ್!"

ಮನೆಯಲ್ಲಿ ನನ್ನ ಗಂಡ ಮುರಳಿ ಒಂದು ತುತ್ತು ಕಚ್ಚಿ ಕಣ್ಣರಳಿಸಿದ. "ಲೇ ಸುಮಾ, ಇದು ನಮ್ ದಿಲ್‌ಪಸಂದ್ ಅಲ್ವೇನೇ! ಇವ್ರಿಗೆ ಯಾರ್ ಹೇಳ್ಕೊಟ್ರು?"

"ಅವ್ರೇ ನಮ್ಮೋರಿಗೆ ಹೇಳ್ಕೊಟ್ಟಿರಬೋದು. ಸುಮ್ನೆ ತಿನ್ನು."

ಅಂದಿನಿಂದ ನಾನು ಅವರಿಗೆ 'ಕೊಕೊನಟ್ ಲೇಡಿ'.

ಅಂಗಡಿಯ ನಗುವೆಲ್ಲ ಅವರ ಗಂಡನ ಪಾಲಿಗೆ ಹೋಗಿತ್ತು. ಮಿಸ್ಟರ್ ಲಾಮ್ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದರು. ಬಿಸಿ ಟ್ರೇ ಹಿಡಿದು ಹೊರಬಂದಾಗ ಒಬ್ಬೊಬ್ಬರಿಗೂ ತಲೆಬಾಗಿಸಿ ಒಳಗೆ ಹೋಗುವರು. ಅಷ್ಟರಲ್ಲಿ ಹೆಂಡತಿ ತಮ್ಮ ಭಾಷೆಯಲ್ಲಿ ಏನೋ ಬೈದಿರುತ್ತಿದ್ದರು. ಅವರು ಅದಕ್ಕೂ ತಲೆಬಾಗಿಸುತ್ತಿದ್ದರು.

ನಮ್ಮ ಮಗಳು ಇಳಾಳಿಗೆ ಐದು ತುಂಬುವಾಗ ಅವಳ ಕ್ಲಾಸಿನ ಮಕ್ಕಳನ್ನೂ ಪಕ್ಕದ ಫ್ಲ್ಯಾಟಿನ ಗುಜರಾತಿ ಕುಟುಂಬವನ್ನೂ ಕರೆದಿದ್ದೆವು. ಆ ಮನೆಯ ಅಜ್ಜಿ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದನ್ನೂ ಮುಟ್ಟುವವರಲ್ಲ. ಮೊಟ್ಟೆ ಇಲ್ಲದ ಕೇಕು ಮಾಡಿಕೊಡುತ್ತೀರಾ ಎಂದು ಕೇಳಿದ್ದಕ್ಕೆ ಮಿಸೆಸ್ ಲಾಮ್ ನಾನು ಅವರಿಗೆ ಅವಮಾನ ಮಾಡಿದೆನೋ ಎಂಬಂತೆ ನೋಡಿದರು. "ನೋ ಎಗ್, ನೋ ಕೇಕ್." ಬೇರೆ ಕಡೆ ನೋಡಿಕೊಳ್ಳೋಣ ಎಂದುಕೊಂಡೆ. ಮರುದಿನ ಅಂಗಡಿ ಮುಂದೆ ಹೋಗುತ್ತಿದ್ದವಳನ್ನು ಗಾಜು ತಟ್ಟಿ ಕರೆದರು. "ಸಾಟರ್ಡೇ ಐ ಬ್ರಿಂಗ್. ನಾಟ್ ಕೇಕ್. ಯು ನೋ ಆಸ್ಕ್."

ಶನಿವಾರ ಬಂತು. ಮಕ್ಕಳೆಲ್ಲ ಸೇರಿದ್ದರು. ಬಾಗಿಲು ತೆಗೆದರೆ ಮಿಸೆಸ್ ಲಾಮ್, ಏಪ್ರನ್ ಮೇಲೆಯೇ ಕೋಟು ಹಾಕಿಕೊಂಡು, ಬಿದಿರಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ನಿಂತಿದ್ದರು. ಮುಚ್ಚಳ ತೆಗೆದಾಗ ಆವಿ ಎದ್ದಿತು. ಒಳಗೆ ಒಂದರ ಮೇಲೊಂದು ಪೇರಿಸಿದ ಪೀಚ್ ಹಣ್ಣುಗಳು! ಮುಟ್ಟಿದರೆ ಮೆತ್ತಗೆ. ಹಬೆಯಲ್ಲಿ ಬೇಯಿಸಿದ ಬನ್ನುಗಳು, ತುದಿಗೆ ಗುಲಾಬಿ ಬಣ್ಣ, ಬುಡಕ್ಕೆ ಹಸಿರು ಎಲೆ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ.

ಇಳಾ ಪೆಟ್ಟಿಗೆಯೊಳಗೆ ಇಣುಕಿದಳು. ಅಳು ಶುರುವಾಯಿತು. "ಬಟ್ ವೇರ್ ಈಸ್ ಮೈ ಕೇಕ್, ಅಮ್ಮಾ?"

"ಪುಟ್ಟಾ, ಆಂಟಿ ನಿನಗೋಸ್ಕರ ಮಾಡಿಸ್ಕೊಂಡ್ ಬಂದಿದಾರೆ…" ಎಂದು ನಾನು ಶುರು ಮಾಡುವಷ್ಟರಲ್ಲಿ ಮಿಸೆಸ್ ಲಾಮ್ ಅವಳ ಮುಂದೆ ಮಂಡಿಯೂರಿ ಕುಳಿತರು. ಇದು ನಮ್ಮಲ್ಲಿ ಅರವತ್ತು, ಎಂಬತ್ತು ತುಂಬಿದವರಿಗೆ ಮಾಡುವ ತಿಂಡಿ, ದೀರ್ಘಾಯುಷ್ಯಕ್ಕೆ ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ವಿವರಿಸಿ, "ನೆವರ್ ಮೈಂಡ್. ಒನ್ ಡೇ ಯು ಆಲ್ಸೊ ಏಟಿ" ಎಂದರು. ಇಳಾ ಅಳುವುದನ್ನು ನಿಲ್ಲಿಸಿ ಯೋಚಿಸಿದಳು. "ಕ್ಯಾನ್ ಐ ಪುಟ್ ಕ್ಯಾಂಡಲ್ಸ್ ಇನ್ ದೆಮ್?" "ಯುವರ್ ಬನ್. ಯು ಪುಟ್."

ಮೇಣದಬತ್ತಿ ಆರಿಸಿದ ಮೇಲೆ ಮಕ್ಕಳು ಪೀಚುಗಳನ್ನು ಕಿತ್ತು ತಿಂದರು. ಗುಜರಾತಿ ಅಜ್ಜಿ ದೂರದಲ್ಲಿ ಕೈಕಟ್ಟಿ ಕೂತಿದ್ದರು. ಮಿಸೆಸ್ ಲಾಮ್ ಅವರೆದುರು ನಿಂತು ಹಾಕಿದ್ದನ್ನೆಲ್ಲ ಬೆರಳು ಮಡಿಸಿ ಹೇಳಿದರು: ಹಿಟ್ಟು, ಸಕ್ಕರೆ, ಎಣ್ಣೆ, ಕಾಳು. ಪಾತ್ರೆಯೂ ಹೊಸದು. ಅಜ್ಜಿ ಒಂದು ಚೂರು ಮುರಿದು ಬಾಯಿಗಿಟ್ಟರು, ಆಮೇಲೆ ಸೊಸೆಗೆ ಕೈ ತೋರಿಸಿ ಇನ್ನೊಂದು ತರಿಸಿಕೊಂಡರು. ಮಿಸೆಸ್ ಲಾಮ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಟೇಬಿಟ್ಟರು. ಗಂಡನೊಬ್ಬನನ್ನೇ ಅಂಗಡಿಯಲ್ಲಿ ಬಿಟ್ಟು ಬಂದಿದ್ದರಂತೆ. ಆತ ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟುಬಿಡುತ್ತಾನೆ ಎಂಬ ಭಯ.

ಕೆಲವು ವರ್ಷಗಳ ಮೇಲೆ ಮಿಸ್ಟರ್ ಲಾಮ್ ತೀರಿಕೊಂಡರು. ಹೃದಯಾಘಾತ. ಶಟರು ಎಳೆದೇ ಇತ್ತು. ಇನ್ನು ಅಂಗಡಿ ಮುಗಿಯಿತು ಎಂದು ಎಲ್ಲರೂ ಮಾತಾಡಿಕೊಂಡೆವು. ಒಂದು ಬೆಳಿಗ್ಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಒಳಗೆ ಹೋದೆ. ಮಿಸೆಸ್ ಲಾಮ್ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಗಲ್ಲಾದಲ್ಲಿ ನಿಂತಿದ್ದರು. ನನ್ನ ಮುಂದಿದ್ದ ವಯಸ್ಸಾದ ಇಂಗ್ಲಿಷರೊಬ್ಬರು ಬನ್ನು ಕಚ್ಚಿ, "ಲವ್ಲಿ, ಮಿಸೆಸ್ ಲಾಮ್, ಜಸ್ಟ್ ದ ಸೇಮ್" ಎಂದು ಹೇಳಿ ಹೋದರು. ಅವರು ಹೋದ ಮೇಲೆ ಮಿಸೆಸ್ ಲಾಮ್ ನನ್ನ ಕೈಗೊಂದು ಬನ್ನು ಕೊಟ್ಟರು.

"ಎವ್ರಿಬಡಿ ಸೇ ಲವ್ಲಿ. ಲವ್ಲಿ ಈಸ್ ನೋ ಆನ್ಸರ್. ಯು ಸೇ. ಸೇಮ್?"

ಕೊಬ್ಬರಿ ಒಣಗಿ ನಾರಾಗಿತ್ತು. ಸಕ್ಕರೆ ಹಲ್ಲಿಗೆ ಸಿಗುತ್ತಿತ್ತು. ಗಂಡ ಸತ್ತು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಏನು ಹೇಳುವುದು? ಆದರೆ ಅವರ ಕಣ್ಣು ನನ್ನ ಬಾಯನ್ನೇ ನೋಡುತ್ತಿತ್ತು.

"ನೋ," ಎಂದೆ. "ಡ್ರೈ."

ನನ್ನ ಕೈಯಲ್ಲಿದ್ದ ಅರ್ಧ ಬನ್ನು ಕಿತ್ತುಕೊಂಡು ತಾವೇ ಕಚ್ಚಿ ನೋಡಿದರು. ಆಮೇಲೆ ಬಾಗಿಲ ಬೋರ್ಡನ್ನು 'ಕ್ಲೋಸ್ಡ್' ಕಡೆಗೆ ತಿರುಗಿಸಿ, "ಕಮ್" ಎಂದು ಹಿಂದಿನ ಕೋಣೆಗೆ ಕರೆದೊಯ್ದರು. ಮೊದಲ ಸಲ ನಾನು ಆ ಕೋಣೆ ನೋಡಿದ್ದು. ಮರದ ಮೇಜು ಒಂದು ಕಡೆ, ಮಿಸ್ಟರ್ ಲಾಮ್ ದಿನವೂ ನಾದುತ್ತಿದ್ದ ಜಾಗದಲ್ಲಿ, ಸವೆದು ತಗ್ಗಾಗಿತ್ತು. ಗೂಟದಲ್ಲಿ ಅವರ ಏಪ್ರನ್ನು ಇನ್ನೂ ನೇತಾಡುತ್ತಿತ್ತು.

"ಐ ಫ್ರಂಟ್, ಹೀ ಬ್ಯಾಕ್," ಎಂದರು ಮಿಸೆಸ್ ಲಾಮ್. "ಆಲ್ ದೀಸ್ ಇಯರ್ಸ್. ಐ ನೆವರ್ ಆಸ್ಕ್ ಹೌ ಹೀ ಮೇಕ್."

ನನಗೂ ಬೇಕರಿ ಕೆಲಸ ಗೊತ್ತಿಲ್ಲ. ಒಣಕೊಬ್ಬರಿಯನ್ನು ನಮ್ಮಮ್ಮ ಬಿಸಿ ಹಾಲು ಚಿಮುಕಿಸಿ ನೆನೆಯಲು ಬಿಡುತ್ತಿದ್ದರು ಎಂದು ಹೇಳಿದೆ. ಅಂದಿನಿಂದ ಕೆಲಸಕ್ಕೆ ಹೋಗುವಾಗಲೆಲ್ಲ ಬಾಗಿಲಲ್ಲಿ ಒಂದು ತುಂಡು ಬನ್ನು ಕಾದಿರುತ್ತಿತ್ತು. "ಟುಡೇ?" ಎಂದು ಅವರು ಕೇಳುವುದು, ಸಪ್ಪೆ, ಜಿಡ್ಡು, ಪರವಾಗಿಲ್ಲ ಎಂದು ನಾನು ಹೇಳುವುದು. ಹೀಗೆ ಚಳಿ ಕಳೆಯಿತು. ಒಂದು ದಿನದ ಬನ್ನಿನಲ್ಲಿ ಕೊಬ್ಬರಿ ಹೆಚ್ಚಿತ್ತು, ನಾಲಿಗೆಯ ತುದಿಗೆ ಒಂದಿಷ್ಟು ಉಪ್ಪು ತಾಗಿತು. ನಿಧಾನವಾಗಿ ಪೂರ್ತಿ ತಿಂದೆ.

"ನಾಟ್ ಸೇಮ್, ಮಿಸೆಸ್ ಲಾಮ್. ಆದ್ರೆ… ಬಟ್ ಐ ವಾಂಟ್ ಒನ್ ಮೋರ್."

ಅವರು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟರು. "ಹೀ ಡೆಡ್," ಎಂದರು. "ಐ ನಾಟ್ ಡೆಡ್. ಡಿಫರೆಂಟ್ ಓಕೆ." ಹಾಗೆಂದವರೇ ಒಳಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕುಳಿತು ಅತ್ತುಬಿಟ್ಟರು. ನಾನು ಹೆಗಲ ಮೇಲೆ ಕೈಯಿಟ್ಟು ನಿಂತೆ. ಓವನ್ನಿನ ಗಂಟೆ ಬಾರಿಸಿದಾಗ ತೋಳಿನಿಂದ ಮುಖ ಒರೆಸಿಕೊಂಡು ಎದ್ದರು. "ಗೋ, ಗೋ. ಯು ಲೇಟ್ ಫಾರ್ ವರ್ಕ್."

ಆ ಹೊಸ ಬನ್ನಿಗೆ ಸಾಲು ಬೀದಿಯವರೆಗೂ ನಿಲ್ಲುತ್ತಿತ್ತು. ಅಂಗಡಿಯನ್ನು ಅವರು ಇನ್ನೂ ಹಲವು ವರ್ಷ ನಡೆಸಿದರು.

ಹೋದ ವರ್ಷ ಹಾಂಗ್‌ಕಾಂಗಿನಿಂದ ಬಂದ ದಂಪತಿಗೆ ಅಂಗಡಿ ವಹಿಸಿಕೊಟ್ಟು ಅವರು ಸಮುದ್ರತೀರದ ಊರಿನಲ್ಲಿರುವ ತಂಗಿಯ ಮನೆಗೆ ಹೊರಟರು. ನಾನು ಕಾರಿನಲ್ಲಿ ರೈಲಿಗೆ ಬಿಡಲು ಹೋಗಿದ್ದೆ. ಅಂಗಡಿ ಬಿಟ್ಟು ಹೋಗಲು ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. ನಾನು ದಡ್ಡಿಯೋ ಎಂಬಂತೆ ನೋಡಿದರು. ಮದುವೆಯಾದಂದಿನಿಂದ ಸೂರ್ಯ ಹುಟ್ಟುವ ಮೊದಲೇ ಎದ್ದವರು ತಾವು, ಇನ್ನು ಯಾರಾದರೂ ತಮಗೆ ತಿಂಡಿ ಮಾಡಿಕೊಡಲಿ ಎಂದರು. ರೈಲು ಬಂತು. ನಾನು ಅಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ನನ್ನ ಬೆನ್ನು ಜೋರಾಗಿ ಎರಡೇಟು ತಟ್ಟಿ ಹತ್ತಿಕೊಂಡರು.

ಕಳೆದ ಭಾನುವಾರ ಕೊಬ್ಬರಿ ಬನ್ನು ತಿನ್ನುತ್ತಿದ್ದಾಗ ಅವರ ನೆನಪಾಗಿ ಫೋನ್ ಮಾಡಿದೆ. ತಂಗಿ ಎತ್ತಿಕೊಂಡರು. ಹೊತ್ತು ನೆತ್ತಿಗೇರುತ್ತಿತ್ತು.

"ಅಕ್ಕ ಇನ್ನೂ ಮಲಗಿದ್ದಾರೆ," ಎಂದರು ಆಕೆ ಇಂಗ್ಲಿಷಿನಲ್ಲಿ. "ಎಬ್ಬಿಸಲಾ?"

ಬೇಡ, ಮಲಗಲಿ ಎಂದೆ.