ತಡವಾಗದ ಬಸ್ಸು

ಕಾಲೇಜಿಗೆ ರಜೆ ಬಂತೆಂದರೆ ಅತಿಥಿ ಉಪನ್ಯಾಸಕಿಯನ್ನು ಯಾರೂ ಅತಿಥಿ ಎಂದೂ ಕರೆಯುವುದಿಲ್ಲ. ಕೊಳ್ಳೇಗಾಲದಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ನಾನು ಅಂಥದೊಂದು ರಜೆಯಲ್ಲಿ ಸುಮ್ಮನೆ ಕೂತಿದ್ದಾಗ, ಖಾಸಗಿ ಸಂಸ್ಥೆಯೊಂದರವರು ಸಾರಿಗೆ ನಿಗಮದ ಬಸ್ಸುಗಳ ಸಮೀಕ್ಷೆಗೆ ಕರೆದರು. ಕೊಳ್ಳೇಗಾಲ, ಯಳಂದೂರು, ಹನೂರು, ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಯ ಬಸ್ಸು ವಾಸಿ ಎಂದು ಅಳೆದು ಹೋಲಿಸಬೇಕಿತ್ತು. ತಾಲ್ಲೂಕಿಗೆ ಒಂದು ಊರು, ಊರಿಗೆ ಒಂದು ವಾರ. ಬೆಳಗಿನ ಬಸ್ಸು ಹೊರಡಬೇಕಾದ ಹೊತ್ತು, ಹೊರಟ ಹೊತ್ತು, ತಡವಾದ ನಿಮಿಷ ಎಂದು ಫಾರಂನಲ್ಲಿ ಮೂರೇ ಕಾಲಂ. ವರ್ಷಗಟ್ಟಲೆ ಸರಾಸರಿಯ ಪಾಠ ಮಾಡಿದವಳಿಗೆ ಇದೇನು ಮಹಾ ಎಂದುಕೊಂಡು ಒಪ್ಪಿಕೊಂಡೆ.

ಮೊದಲು ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿಗೆ ಹೋದೆ. ಸೋಮವಾರ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ನಾನು ಬರೆದುಕೊಳ್ಳುವುದನ್ನು ಕಂಡಕ್ಟರು ಬಾಗಿಲಿನಿಂದ ಬಗ್ಗಿ ನೋಡಿದ. ಮಾರನೆಯ ದಿನದಿಂದ ಬಸ್ಸು ಗಡಿಯಾರದ ಹಾಗೆ ಬರತೊಡಗಿತು. ಶನಿವಾರ, ದಿನವೂ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡಳು.

"ಮೇಡಮ್ಮೋರೆ, ನೀವು ದಿನಾ ಬಂದು ಇಲ್ಲೇ ಕುಂತ್ಕಬುಡಿ. ಬೇಕಾರೆ ತಿಂಡಿ ನಾನೇ ತಂದ್ಕೊಡ್ತೀನಿ."

ಆ ವಾರದ ಅಂಕಿಗಳಲ್ಲಿ ಬಸ್ಸಿಗಿಂತ ನನ್ನ ಪಾಲೇ ಹೆಚ್ಚಿತ್ತು ಎಂಬುದು ನನಗೂ ಗೊತ್ತಾಯಿತು. ಆದರೂ ಹಾಗೇ ಬರೆದೆ.

ಎರಡನೆಯದು ಯಳಂದೂರು ತಾಲ್ಲೂಕಿನ ಅಗರ. ಅಲ್ಲಿಯ ಡ್ರೈವರು ಯಾರ ಫಾರಂಗೂ ಹೆದರುವ ಆಸಾಮಿಯಲ್ಲ. ಹೊತ್ತಿಗೆ ಸರಿಯಾಗಿ ಬಂದು ನಿಲ್ಲಿಸುತ್ತಿದ್ದ; ಹೊರಡುತ್ತಿರಲಿಲ್ಲ. ಬೀದಿಯ ಕಡೆ ಮುಖ ಮಾಡಿ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಕೋಲೂರಿಕೊಂಡು ಒಬ್ಬ ಅಜ್ಜಿ ಬರುವವರೆಗೂ ಬಸ್ಸು ಗುರುಗುಟ್ಟುತ್ತ ನಿಂತಿರುತ್ತಿತ್ತು. ನಾನು ವಾಚು ನೋಡಿದ್ದಕ್ಕೆ ಅವನೇ ಹೇಳಿದ:

"ಆಸ್ಪತ್ರೆಗೆ ಓಗೋ ಅಜ್ಜಿ ಕಣ್ರಿ, ಮಂಡಿ ನೋವು. ಬುಟ್ಬುಟ್ಟು ಓದ್ರೆ ಮಧ್ಯಾನದ ಗಂಟ ಇಲ್ಲೇ ಕುಂತಿರ್ತದೆ. ನೀವು ಬರ್ಕಳಿ, ನಂದೇನಿಲ್ಲ."

ಬರೆದುಕೊಂಡೆ. ಒಂದು ದಿನ ಆರು ನಿಮಿಷ, ಇನ್ನೊಂದು ದಿನ ಒಂಬತ್ತು. ಬಸ್ಸಿನೊಳಗೆ ಯಾರೂ ಗೊಣಗಿದ್ದು ಕೇಳಲಿಲ್ಲ.

ಮೂರನೆಯದು ಹನೂರಿನಾಚೆ, ಕಾಡಂಚಿನ ಒಂದು ಹಳ್ಳಿ. ಹನೂರಿನಲ್ಲಿ ಗೆಳತಿಯ ಮನೆಯಲ್ಲಿ ಉಳಿದು ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಸ್ಟಾಪಿನಲ್ಲಿ ಒಬ್ಬ ರೈತ ರೇಷ್ಮೆಗೂಡಿನ ಎರಡು ಚೀಲ ಇಟ್ಟುಕೊಂಡು ಕೂತಿದ್ದ. ಒಂದು ಗಂಟೆ ಕಾದೆವು, ಎರಡು ಗಂಟೆ ಕಾದೆವು. ಬಸ್ಸು ಬರಲಿಲ್ಲ.

"ನಾಳಿಕ್ಕೆ ಓದ್ರಾಯ್ತು ಅನ್ನಕಾಗಕಿಲ್ವ?" ಎಂದು, ಅವನ ಮಾತಿನಲ್ಲೇ ಕೇಳಿದೆ.

"ನಾನು ಕಾಯ್ತೀನಿ ಮೇಡಮ್ಮೋರೆ, ಗೂಡೊಳಗಿನ ಉಳ ಕಾಯಕಿಲ್ಲ. ಚಿಟ್ಟೆಯಾಗಿ ತೂತು ಮಾಡ್ಕಂಡು ಓಯ್ತದೆ," ಎಂದು ನಕ್ಕ. ಕೊನೆಗೆ ಗೂಡ್ಸ್ ಆಟೋ ಒಂದಕ್ಕೆ ಚೀಲ ಏರಿಸಿ ತಾನೂ ಹತ್ತಿದ.

ಸಂಸ್ಥೆಯ ಮೇಲ್ವಿಚಾರಕನಿಗೆ ಫೋನ್ ಮಾಡಿ, ಏನು ಬರೆಯಲಿ ಎಂದು ಕೇಳಿದೆ.

"ಬರದೇ ಇರೋ ಬಸ್ಸು ಹೇಗೆ ತಡವಾಗುತ್ತೆ ಮೇಡಂ? ಖಾಲಿ ಬಿಡಿ," ಅಂದ.

ಆ ವಾರ ಬಸ್ಸು ಒಂದೇ ದಿನ ಬಂತು, ನಿಮಿಷ ತಪ್ಪದೆ ಹೊರಟಿತು. ಉಳಿದ ಸಾಲುಗಳ ಪಕ್ಕದಲ್ಲಿ 'ಬಸ್ಸು ಬರಲಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಕಂಪ್ಯೂಟರಿಗೆ ಕೆಂಪು ಶಾಯಿ ಓದಲು ಬರುವುದಿಲ್ಲ. ವರದಿಯಲ್ಲಿ ಹನೂರಿನ ಸರಾಸರಿ ತಡ ಸೊನ್ನೆ, ಮೊದಲ ಸ್ಥಾನ. ಮುಳ್ಳೂರು ಎರಡನೆಯದು. ದಿನವೂ ಬಂದು, ಅಜ್ಜಿಗಾಗಿ ನಿಂತ ಅಗರದ ಬಸ್ಸು ಕೊನೆಗೆ.

ನಿಗಮಕ್ಕೆ ವರದಿ ಒಪ್ಪಿಸುವ ಸಭೆಯಲ್ಲಿ ಎದ್ದು ನಿಂತು, ಹನೂರಿನ ಸೊನ್ನೆ ಎಲ್ಲಿಂದ ಬಂತೆಂದು ಹೇಳಿದೆ. ಮುಂದೆ ಕೂತಿದ್ದ ಅಧಿಕಾರಿಯೊಬ್ಬರು, "ಒಳ್ಳೇ ಪಾಯಿಂಟು, ಮುಂದಿನ ಸಲ ಅದಕ್ಕೂ ಒಂದು ಕಾಲಂ ಹಾಕೋಣ," ಎಂದು ಮೆಚ್ಚಿದರು. ಕಾಫಿ ಬಂತು. ಅಗರದಲ್ಲಿ ಇನ್ನು ಯಾರಿಗೂ ಕಾಯಕೂಡದೆಂದು ಡ್ರೈವರಿಗೆ ತಾಕೀತಾಯಿತು. ನನ್ನ ಕೈಬರಹದ ಆರು, ಒಂಬತ್ತುಗಳೇ ಅದಕ್ಕೆ ಸಾಕ್ಷಿ.

ಮುಂದಿನ ಭಾನುವಾರ ಹನೂರಿನ ಹಳ್ಳಿಗೆ ಹೋಗಿ ಆ ರೈತನಿಗೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾನೆಂದುಕೊಂಡಿದ್ದೆ. ಅವನು ಜಗುಲಿಯಿಂದ ಒಳಗೆ ಕೂಗಿದ:

"ಲೇ, ಕೇಳಿಸ್ಕಂಡ್ಯಾ? ನಮ್ಮ ಬಸ್ಸು ಪಸ್ಟು ಬಂದದಂತೆ!" ಆಮೇಲೆ ನನ್ನ ಕಡೆ ತಿರುಗಿ, "ಅಂಗಾರೆ ಆ ಬಸ್ಸಿಗೆ ಒಂದ್ಸಲ ಇತ್ಲಾಗೆ ಬಂದು ಪ್ರೈಜು ತಕಂಡೋಗಾಕೆ ಯೋಳಿ ಮೇಡಮ್ಮೋರೆ," ಅಂದ.

ಬಸ್ಸು ದಿನವೂ ಬರಲೆಂದು ಅಲ್ಲೇ ಕೂತು ನಿಗಮಕ್ಕೆ ಒಂದು ಅರ್ಜಿ ಬರೆದೆ. ಊರವರು ಸಹಿ ಹಾಕಿದರು. ಎರಡು ತಿಂಗಳ ಮೇಲೆ ಉತ್ತರ ಬಂತು: ಸದರಿ ಮಾರ್ಗವು ಸಮಯಪಾಲನೆಯಲ್ಲಿ ಪ್ರಥಮ ಸ್ಥಾನದಲ್ಲಿರುವುದರಿಂದ ಸದ್ಯಕ್ಕೆ ಕ್ರಮದ ಅಗತ್ಯವಿಲ್ಲ. ಅಷ್ಟರಲ್ಲಿ ಆ ರೈತನೂ ಇನ್ನು ಮೂವರೂ ಸೇರಿ ಗೂಡು ಸಾಗಿಸಲು ಆಟೋ ಗೊತ್ತುಮಾಡಿಕೊಂಡಿದ್ದರು. ಉತ್ತರವನ್ನು ಫೋನಿನಲ್ಲಿ ಅವನಿಗೆ ಓದಿ ಹೇಳಿದೆ. ಅವನು ಇನ್ನೊಮ್ಮೆ ಓದಿಸಿಕೊಂಡ.

ಕಾಲೇಜು ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಹನೂರು ಕಡೆಯ ಹುಡುಗಿಯೊಬ್ಬಳು ಅರ್ಧ ಪಾಠ ಮುಗಿದ ಮೇಲೆ ಬಂದು ಬಾಗಿಲಲ್ಲಿ ನಿಂತಳು. ಮೊದಲಾಗಿದ್ದರೆ ಗೈರುಹಾಜರಿ ಹಾಕಿ ಹೊರಗೇ ನಿಲ್ಲಿಸುತ್ತಿದ್ದೆ. ಬಾ ಎಂದೆ. ಅವಳು ಕೂತು ಬರೆದುಕೊಳ್ಳುವವರೆಗೆ ಬೋರ್ಡಿನ ಮೇಲಿನದನ್ನು ಅಳಿಸದೆ ಕಾದೆ.