ಟ್ರೈಲರ್‌ನಲ್ಲಿ ಕಂಡ ಸೊಸೆ

ಭಾನುವಾರ, ಬೆಳಿಗ್ಗೆ ಏಳೂವರೆ, ತಂಗಿಯ ಮನೆಯ ಪಡಸಾಲೆ. ಇದ್ದವರು ನಾನು, ತಂಗಿ, ಒಳಗೆ ಅಡುಗೆಮನೆಯಲ್ಲಿ ಅವಳ ಸೊಸೆ. ಆ ಹೊತ್ತಿಗೆ ನಾನು ಸ್ನಾನ ಮುಗಿಸಿ ಪೇಪರ್ ಓದುತ್ತಿರಬೇಕಿತ್ತು. ಡ್ರಿಲ್ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೂ ಗಂಟೆ ತಪ್ಪಿದವನಲ್ಲ. ತಂಗಿ ಫೋನ್ ಮಾಡಿ ಕರೆಸಿದ್ದಳು.

ನ್ಯಾಮತಿ ಕಡೆಯ ನಮ್ಮೂರಿನಲ್ಲಿ ವರ್ಷಕ್ಕೊಂದು ಸಾಮಾಜಿಕ ನಾಟಕ ಆಡುತ್ತೇವೆ. ಸ್ತ್ರೀ ಪಾತ್ರಗಳಿಗೆ ಹೊರಗಿನ ಕಲಾವಿದೆಯರನ್ನು ಕರೆಸುವುದು ರೂಢಿ. ಈ ಸಲವೂ ಹಿರಿಸೊಸೆಯ ಪಾತ್ರಕ್ಕೆ ಜಗಳೂರಿನ ಕಲಾವಿದೆ ಬಂದರು. ಕಿರಿಸೊಸೆಯ ಪಾತ್ರವನ್ನು ಮಾತ್ರ ತಂಗಿಯ ಸೊಸೆ ತಾನೇ ಮಾಡುತ್ತೇನೆಂದಳು. ಊರಿನ ಸೊಸೆಯೊಬ್ಬಳು ರಂಗ ಹತ್ತುವುದು ಅದೇ ಮೊದಲು. ತಂಗಿ ವಾರಗಟ್ಟಲೆ ಹಿಂದೆ ಮುಂದೆ ನೋಡಿ ಒಪ್ಪಿದ್ದಳು. ಅಂದಿನಿಂದ ಸೊಸೆ ಒಲೆಯ ಮುಂದೆಯೂ ಮಾತು ಉರು ಹೊಡೆಯುತ್ತಿದ್ದಳು. ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ತಾಲೀಮಿಗೆ ಸೇರಿಸುವ ಕೆಲಸ ನನ್ನದು.

ಸಿನಿಮಾಕ್ಕಿದ್ದಂತೆ ನಾಟಕಕ್ಕೂ ಟ್ರೈಲರ್ ಬೇಕೆಂದು ಪಾತ್ರಧಾರಿಗಳೆಲ್ಲ ಹಠ ಹಿಡಿದರು. ಹೊನ್ನಾಳಿಯಲ್ಲಿ ಮದುವೆ ವಿಡಿಯೊ ಮಾಡುವವನೊಬ್ಬ ಬಂದು ತಾಲೀಮನ್ನು ಹಿಡಿದುಕೊಂಡು ಹೋದ. ಶನಿವಾರ ಸಂಜೆ ಟ್ರೈಲರ್ ಊರಿನ ಫೋನುಗಳಿಗೆಲ್ಲ ಬಂತು. ಕತ್ತಲು. ಒಂದು ದೀಪ. ಹೆಂಗಸಿನ ದನಿ: “ಈ ಮನೆಯಲ್ಲಿ ಅತ್ತೆ ಇರಬೇಕು, ಇಲ್ಲವೇ ನಾನಿರಬೇಕು.” ಢಮ್ಮೆಂದು ಸದ್ದು, ಪರದೆ ತುಂಬ ತಂಗಿಯ ಸೊಸೆಯ ಮುಖ, ಉರಿಯುವ ಕಣ್ಣು. ಮತ್ತೆ ಕತ್ತಲು. ಕೊನೆಗೆ ನಾಟಕದ ಹೆಸರು.

ಬೆಳಗಾಗುವುದರೊಳಗೆ ಹಾಲಿನ ಡೇರಿಯಲ್ಲಿ ಒಬ್ಬಳು ತಂಗಿಯನ್ನು ಕೇಳಿದ್ದಳಂತೆ, “ಯಾವಾಗ ಗಂಟು ಕಟ್ತೀಯಕ್ಕಾ? ನಿನ್ ಸೊಸೆ ಊರಿಗೆಲ್ಲ ಸಾರ್‍ಯಾಳಲ್ಲ.”

“ಅವಳು ನಾಟಕ ಮಾಡಾದು ಬ್ಯಾಡಣ್ಣ,” ಎಂದಳು ತಂಗಿ. ಒಳಗೆ ಪಾತ್ರೆಗಳ ಸದ್ದು ನಿಂತಿತು.

ನಾಟಕದಲ್ಲಿ ಆ ಮಾತು ಹಿರಿಸೊಸೆಯದು, ದನಿ ಜಗಳೂರಿನವರದು ಎಂದು ಹೇಳಿದೆ. ಮುಖ ಯಾರದೆಂದು ತಂಗಿ ಕೇಳಿದಳು. ನಾಟಕಕ್ಕೆ ಉಳಿದಿದ್ದದ್ದು ಒಂದು ವಾರ. ಕೂರಲಾಗದೆ ಬಾಗಿಲವರೆಗೆ ಹೋದೆ, ಬಂದೆ, ಮತ್ತೆ ಹೋದೆ.

ಆಮೇಲೆ ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ: ಡ್ರಿಲ್ ಕಲಿಸುವಂತೆ ಬಿಡಿಬಿಡಿಯಾಗಿ ತೋರಿಸುವುದು. ಫೋನಿನಲ್ಲಿ ಯಾವುದೋ ಸಿನಿಮಾದ ಟ್ರೈಲರ್ ಹಾಕಿ, ಮಗುಚಿಟ್ಟು, ಬರೀ ಸದ್ದು ಕೇಳಿಸಿದೆ. ಬಳಿಕ ಸದ್ದು ಅಡಗಿಸಿ ಬರೀ ಚಿತ್ರ ತೋರಿಸಿದೆ. ಇನ್ನೊಂದು ಸಿನಿಮಾದ್ದು, ಮತ್ತೊಂದರದ್ದು. ಎಲ್ಲದರಲ್ಲೂ ಮೊದಲು ನೆಮ್ಮದಿಯ ಮನೆ, ನಗುವ ಮಗು. ನಡುವೆ ಒಂದೇ ಒಂದು ಮಾತು. ಆಮೇಲೆ ಬಡಿತ, ಓಟ, ಯಾರದೋ ಚೀರಾಟ; ಯಾಕೆಂದು ಹೇಳುವುದಿಲ್ಲ. ಪಥಸಂಚಲನದಲ್ಲಿ ಸಾಲನ್ನು ಬಲಕ್ಕೆ ತಿರುಗಿಸಲು ನಾವು ‘ದಾಹಿನೇ’ ಎಂದು ಕೂಗಿ, ತುಸು ತಡೆದು, ‘ಮುಡ್’ ಎನ್ನುತ್ತೇವೆ. ಆ ಬಿಡುವಿನಲ್ಲಿ ಇಡೀ ಸಾಲು ಉಸಿರು ಹಿಡಿದಿರುತ್ತದೆ. ಟ್ರೈಲರ್‌ನವರು ‘ದಾಹಿನೇ’ ಎಂದಷ್ಟೇ ಕೂಗಿ ಹೊರಟುಹೋಗುತ್ತಾರೆ. ನನ್ನಂಥವನಿಗೆ ಅದು ಮೈ ಪರಚಿಕೊಳ್ಳುವಂಥ ಹಿಂಸೆ.

ಮೂರನೆಯದಕ್ಕೆ ತಂಗಿ ನನಗಿಂತ ಮುಂದಿದ್ದಳು. “ಈಗ ಕತ್ತಲಾಗ್ತತಿ ನೋಡು,” ಎಂದಳು, ಆಯಿತು. ನಿಲ್ಲಿಸಲು ಹೇಳಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಓಡಾವಾಗ ಕೆಂಪು ಸೀರಿ, ಬಾಗ್ಲು ತೆಗ್ಯಾವಾಗ ಹಸಿರು. ಎಲ್ಲೆಲ್ಲಿದೋ ತಂದು ಹೊಲ್ದಾರೆ.”

ಆಮೇಲೆ ನಮ್ಮ ಟ್ರೈಲರನ್ನು ತಾನೇ ಹಾಕಿಸಿದಳು. “ಹಂಗಾದ್ರೆ ಇವಳು ಆ ಕಣ್ಣು ಬಿಟ್ಟಿದ್ದು ಯಾರಿಗೆ?”

ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಸೊಸೆ ಹೇಳಿದಳು: “ನಾಟಕದಾಗಿನ ಓರಗಿತ್ತಿಗೆ, ಅತ್ತೆ. ಆ ಮಾತು ಅಂದಿದ್ದಕ್ಕೆ.”

ನಾನು ಹೊನ್ನಾಳಿಯವನಿಗೆ ಫೋನ್ ಮಾಡಿ ಆ ಜೋಡಣೆ ಬದಲಿಸಬಹುದೇ ಎಂದೆ. ಬದಲಿಸಬಹುದು, ಆದರೆ ಆಮೇಲೆ ಅದನ್ನು ಯಾರೂ ನೋಡುವುದಿಲ್ಲ ಸಾರ್ ಎಂದ. ಸಂಜೆ ತಿಳಿಸುತ್ತೇನೆಂದೆ. ತಂಗಿ ತಾಲೀಮು ಎಷ್ಟು ಹೊತ್ತಿಗೆಂದು ಕೇಳಿದಳು. ತಾನೇ ಬಂದು ನೋಡಿ ಹೇಳುವುದಾಗಿಯೂ ಹೇಳಿದಳು. ಅಂದು ಮಧ್ಯಾಹ್ನ ನನಗೆ ನಿದ್ದೆ ಹತ್ತಲಿಲ್ಲ.

ಐದಕ್ಕೆ ಸಮುದಾಯ ಭವನದಲ್ಲಿ ತಂಗಿ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕುಳಿತಳು. ಜಗಳೂರಿನವರು ಆ ಮಾತು ಎಸೆದರು. ಸೊಸೆ ತಲೆ ಎತ್ತಬೇಕಿತ್ತು. ನಿಜದ ಅತ್ತೆ ಎದುರಿಗಿದ್ದುದರಿಂದ ನೋಟ ನೆಲಕ್ಕಿಳಿಯಿತು. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಮತ್ತೆ ಮಾಡಿಸಿದರು. ಮತ್ತೆ ಹಾಗೇ ಆಯಿತು.

“ಫೋನಿನಾಗೆ ಅಷ್ಟು ದೊಡ್ಡ ಕಣ್ಣು ಬಿಟ್ಟೋಳಿಗೆ ಈಗೇನಾತು?” ಎಂದಳು ತಂಗಿ. “ಅವಳ ಕಡೆ ನೋಡೇ. ಬೈಸ್ಕಂಡೋಳು ನಾನು, ಅಂದೋಳು ಅವಳು.”

ಮೊದಲು ನಕ್ಕವರು ಜಗಳೂರಿನವರೇ. ಮೂರನೇ ಸಲ ಸೊಸೆ ತಲೆ ಎತ್ತಿದಳು. ಜಗಳೂರಿನವರು ಒಂದು ಹೆಜ್ಜೆ ಹಿಂದೆ ಸರಿದರು. ನಾಟಕದಲ್ಲಿ ಆ ಹೆಜ್ಜೆ ಇರಲಿಲ್ಲ. ಇರಲಿ ಎಂದರು ಮೇಷ್ಟ್ರು.

ಟ್ರೈಲರ್ ಬದಲಿಸಬೇಕೇ ಎಂದು ತಂಗಿಯನ್ನು ಕೇಳಿದೆ.

“ಇರ್ಲಿ ಬಿಡಣ್ಣ. ತಿಳ್ಕಳಾಕೆ ಬೇಕಾದ್ರೆ ನಾಟಕಕ್ಕೆ ಬರ್ಲಿ.”

ಅತ್ತೆ ಸೊಸೆ ಜೊತೆಯಾಗಿಯೇ ಮನೆಗೆ ಹೊರಟರು. ನಾನು ಹೊನ್ನಾಳಿಗೆ ಫೋನ್ ಮಾಡಿ ಏನೂ ಬದಲಿಸಬೇಡವೆಂದೆ. ಜಮಖಾನೆ ಸುತ್ತಿ ಮೂಲೆಗಿಟ್ಟೆ, ದೀಪ ಆರಿಸಿದೆ, ಭವನಕ್ಕೆ ಬೀಗ ಹಾಕಿದೆ.