ಮಸಿಯ ಕೈಗೆ ಮಾತ್ರ ವೇತನ

ಮೂಡಬಿದಿರೆಯಲ್ಲಿ ತಾಳೆಗರಿ ಓದುವ ಕ್ರಮವೇ ಇಬ್ಬರದು. ಒಬ್ಬ ಗರಿಗೆ ಮಸಿ ಸವರಿ, ಕೊರೆದ ಅಕ್ಷರ ಎದ್ದು ಕಂಡ ಮೇಲೆ ಗಟ್ಟಿಯಾಗಿ ಓದಬೇಕು; ಇನ್ನೊಬ್ಬ ಶುದ್ಧ ಕೈಯಲ್ಲಿ ಬರೆದುಕೊಳ್ಳಬೇಕು. ಓದುವವನು ನಾನು, ಬರೆಯುವವನು ಪಾಣೆಮಂಗಳೂರಿನ ನನ್ನ ಗೆಳೆಯ. ಅರವತ್ತರ ದಶಕದಲ್ಲಿ ಪಿಎಚ್‌.ಡಿ.ಗೆ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಿದೆವು. ಸಂಶೋಧನೆ ಒಬ್ಬನದೇ ಆಗಿರಬೇಕೆಂದು ವಿಶ್ವವಿದ್ಯಾನಿಲಯ ನನಗೊಬ್ಬನಿಗೇ ವಿದ್ಯಾರ್ಥಿವೇತನ ಕೊಟ್ಟಿತು. ವಿಜ್ಞಾನದವರ ಪ್ರಯೋಗಾಲಯದಲ್ಲಿ ನಾಲ್ಕು ಜನ ಸೇರಬಹುದು, ಹಳಗನ್ನಡಕ್ಕೆ ಮಾತ್ರ ಈ ಮಡಿ. ಗೆಳೆಯ ಮಾವನ ಜವಳಿ ಅಂಗಡಿ ಸೇರಿದ.

ನಾನೊಬ್ಬನೇ ಓದಿ, ಕೈ ತೊಳೆದು, ಬರೆದು, ಮತ್ತೆ ಮಸಿ ಮುಟ್ಟುತ್ತಿದ್ದೆ. ಒಮ್ಮೆ ಹಾಗೆ ಬರೆದ ಪ್ರತಿಯನ್ನು ಅವನ ಅಂಗಡಿಗೆ ಒಯ್ದು ತೋರಿಸಿದೆ. ಹಾಳೆಯ ತುಂಬ ನನ್ನ ಮಸಿ ಬೆರಳಿನ ಗುರುತು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ನಾನು ಮುಟ್ಟುವುದಿಲ್ಲ ಮಾರಾಯ. ಬಿಳಿ ಬಟ್ಟೆ ಅಳೆಯಲಿಕ್ಕುಂಟು."